ರಂಗೋಲಿಯಲ್ಲಿ ಬರೆದ ಎಂಟು

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಡ್ರೈವಿಂಗ್ ಟೀಚರ್ ಒಬ್ಬರ ಉತ್ತರ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮದು ಬೆಟಗೇರಿ. ಬರುವ ತಿಂಗಳು ನನಗೆ 18 ತುಂಬುತ್ತದೆ. ಆರನೇ ಕ್ಲಾಸಿನಿಂದ ಹೊಲದಲ್ಲಿ ಅಪ್ಪನ ಟಿವಿಎಸ್ ಎಕ್ಸೆಲ್ ಓಡಿಸುತ್ತೇನೆ. ಹೆಸರುಕಾಳಿನ ಚೀಲ ಹೇರಿಕೊಂಡೂ ಬಂದಿದ್ದೇನೆ. ಹುಟ್ಟಿದ ದಿನವೇ ಲೈಸನ್ಸ್ ಮಾಡಿಸಿ ಕಾಕಾನ ಬೈಕಿನಲ್ಲಿ ಕಾಲೇಜಿಗೆ ಹೋಗಬೇಕು ಅಂತ ಆಸೆ. ಏಜೆಂಟ್ ಒಬ್ಬರು 4,500 ರೂಪಾಯಿ ಕೇಳಿದ್ದಾರೆ. ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕಂತೆ. ‘ನೀ ಬರೀ ಫೋಟೊಕ್ಕ ಬಾ, ಎಂಟು ಹೊಡಿಯೋದು ನಾ ನೋಡ್ಕೋತೀನಿ’ ಅಂತಾರೆ. ಕೊಡಲಾ?
ಬಿ., ಗದಗ

ಉತ್ತರ: ತಮ್ಮಾ, ಹುಟ್ಟಿದ ದಿನದ ಆಸೆ ಮೊದಲು ಬಿಡು. ಬೈಕಿನ ಎಲ್‌ಎಲ್‌ಆರ್‌ಗೂ, ಅಂದರೆ ಕಲಿಯುವವರ ಲೈಸನ್ಸಿಗೂ, 18 ತುಂಬಿರಲೇಬೇಕು. ಅದು ಕೈಗೆ ಬಂದು 30 ದಿನ ಆದಮೇಲೆ ಗಾಡಿ ಪರೀಕ್ಷೆ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಪಾಸಾಗಬೇಕು. ಹುಟ್ಟಿದ ದಿನ ಅರ್ಜಿ ಹಾಕು, ಬೇಡ ಅನ್ನಲ್ಲ.

ಅರ್ಜಿ ಹಾಕೋದು ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ. ಆಧಾರ್, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹತ್ತಿರ ಇಟ್ಟುಕೋ. ರಕ್ತದ ಗುಂಪು ಯಾವುದು ಅಂತ ಅವ್ವನನ್ನು ಕೇಳಿ ‘ಇರಬೇಕು’ ಅಂತ ಬರೆಯಬೇಡ, ಲ್ಯಾಬಿಗೆ ಹೋಗಿ ನೋಡಿಸು. ಕೇಂದ್ರದ ನಿಯಮದ ಪ್ರಕಾರ ಒಂದು ನಮೂನೆಯ ಗಾಡಿಗೆ ಎಲ್‌ಎಲ್‌ಆರ್ 150 ರೂಪಾಯಿ, ಅದರ ಪರೀಕ್ಷೆಗೆ 50, ಗಾಡಿ ಪರೀಕ್ಷೆಗೆ 300, ಲೈಸನ್ಸಿಗೆ 200. ಕೂಡಿಸಿದರೆ 700. ಮೇಲೆ ಸಣ್ಣಪುಟ್ಟ ಶುಲ್ಕ ಬೀಳಬಹುದು. ನಿಮ್ಮ ಏಜೆಂಟ್ ಸಾಹೇಬರ 4,500ರಲ್ಲಿ ಉಳಿದದ್ದು ಯಾರಿಗೆ ಅಂತ ನೀನೇ ಲೆಕ್ಕ ಹಾಕು.

ಇನ್ನೊಂದು ವಿಷಯ, ಇದನ್ನು ಬಹಳ ಹುಡುಗರು ನೋಡೋದೇ ಇಲ್ಲ. ಅರ್ಜಿಯಲ್ಲಿ ಗೇರ್ ಇರುವ ಬೈಕಾ, ಗೇರ್ ಇಲ್ಲದ್ದಾ ಅಂತ ಕೇಳುತ್ತದೆ. ನೀನು ಓಡಿಸುತ್ತಾ ಬಂದ ಎಕ್ಸೆಲ್‌ಗೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಕೈಗೆ ಹತ್ತಿದ ಗಾಡಿ ಅಂತ ಅದರಲ್ಲೇ ಪರೀಕ್ಷೆ ಕೊಟ್ಟರೆ ಗೇರ್ ಇಲ್ಲದ ಗಾಡಿಯ ಲೈಸನ್ಸ್ ಬರುತ್ತದೆ. ಆಮೇಲೆ ಕಾಕಾನ ಬೈಕ್ ಹತ್ತಿದರೆ ಲೈಸನ್ಸ್ ಇಲ್ಲದೆ ಓಡಿಸಿದ ಲೆಕ್ಕವೇ. ಗೇರ್ ಇರುವುದನ್ನೇ ಟಿಕ್ ಮಾಡು, ಬೈಕಿನಲ್ಲೇ ಪರೀಕ್ಷೆ ಕೊಡು. ಅದಾದರೆ ಅಪ್ಪನ ಎಕ್ಸೆಲ್‌ಗೂ ನಡೆಯುತ್ತದೆ.

ಈಗ ಎಂಟಕ್ಕೆ ಬರೋಣ. 1996ರಲ್ಲಿ ನಾನು ಮೊದಲ ಸಲ ಫೇಲಾದೆ. ಕೈನೆಟಿಕ್ ಹೋಂಡಾ, ಹೊಸ ಚೂಡಿದಾರ, ಕೊನೆಯಲ್ಲಿ ಕೊಡೋಣ ಅಂತ ಅಪ್ಪನ ಕೈಯಲ್ಲಿ ಪೇಢೆ ಪೊಟ್ಟಣ. ಮೊದಲ ತಿರುವು ಚಂದಾಗಿ ಆಯ್ತು. ಎರಡನೆಯದರಲ್ಲಿ ಮುಂದಿನ ಗಾಲಿ ಗೆರೆ ಬಿಟ್ಟು ಹೋಗುತ್ತಿದೆಯಾ ಅಂತ ಬಗ್ಗಿ ನೋಡಿದೆ. ನೋಡಿದ್ದೇ ತಡ, ಗಾಡಿ ಗಾಲಿಯ ಕಡೆಗೇ ವಾಲಿತು. ಬಲಗಾಲು ತಾನಾಗಿ ನೆಲಕ್ಕೆ ಬಂತು. ಇನ್ಸ್‌ಪೆಕ್ಟರ್ ಏನೂ ಬೈಯಲಿಲ್ಲ. ಪೆನ್ನಿನ ಕ್ಯಾಪ್ ತೆಗೆದರು, ಒಂದು ಗೆರೆ ಎಳೆದರು, ಕ್ಯಾಪ್ ಹಾಕಿದರು. ಪೇಢೆ ಮನೆಗೇ ವಾಪಸ್ ಬಂತು, ನಾನೇ ತಿಂದೆ.

ಫೇಲಾದರೆ 7 ದಿನ ಬಿಟ್ಟು ಮತ್ತೆ ಕೊಡಬಹುದು. (ಮೂರು ಸಲ ಫೇಲಾದರೆ 60 ದಿನ ಕಾಯಬೇಕು.) ಆ ಏಳು ದಿನ ಅವ್ವನ ರಂಗೋಲಿ ಡಬ್ಬಿ ತಗೊಂಡು ಮನೆ ಮುಂದಿನ ಬಯಲಲ್ಲಿ ದೊಡ್ಡ ಎಂಟು ಬರೆಯುತ್ತಿದ್ದೆ. ಬಾಜೂ ಮನೆಯ ಅಜ್ಜಿ ದಿನಾ ಬಂದು ನಿಂತು, ‘ಇದ್ಯಾವ ನಮೂನಿ ರಂಗೋಲಿನವ್ವಾ, ಒಂದ ಚುಕ್ಕಿನೂ ಇಲ್ಲಲ್ಲ?’ ಅಂತ ಕೇಳುತ್ತಿದ್ದಳು. ನಾಲ್ಕನೇ ದಿನಕ್ಕೆ ಗುಟ್ಟು ತಿಳಿಯಿತು. ಕಣ್ಣು ಗಾಲಿಯ ಮೇಲಲ್ಲ, ಮುಂದೆ ಹೋಗಬೇಕಾದ ತಿರುವಿನ ಮೇಲೆ ಇರಬೇಕು. ತಲೆ ತಿರುಗಿದ ಕಡೆ ಗಾಡಿ ಬರುತ್ತದೆ. ಬೈಕಾದರೆ ಫಸ್ಟ್ ಗೇರ್, ಅರ್ಧ ಕ್ಲಚ್, ಎಕ್ಸಿಲರೇಟರ್ ಒಂದೇ ಸಮ. ಜೋರು ಆಯ್ತು ಅನಿಸಿದರೆ ಹಿಂದಿನ ಬ್ರೇಕಿಗೆ ಕಾಲು ಸುಮ್ನೆ ತಾಗಿಸು. ಮುಂದಿನ ಬ್ರೇಕ್ ಮುಟ್ಟಿದೆಯೋ, ಬಿದ್ದೆ. ಇವತ್ತಿಗೂ ನನ್ನ ಹತ್ತಿರ ಕಲಿಯಲು ಬರುವವರಿಗೆ ರಂಗೋಲಿ ಹುಡಿ ತರಲು ಹೇಳುತ್ತೇನೆ. ಹುಡುಗರಿಗೆ ನಾಚಿಕೆ, ತರಲ್ಲ. ಸುಣ್ಣದ ಪುಡಿ ತರುತ್ತಾರೆ.

ಹೊಲದಲ್ಲಿ ಓಡಿಸಿದ್ದು ದಂಡ ಆಗಿಲ್ಲ. ನಿನಗೆ ಬ್ಯಾಲೆನ್ಸ್ ಇದೆ, ಅದು ಅರ್ಧ ಕೆಲಸ. ಆದರೆ ಹೊಲದಲ್ಲಿ ಎದುರಿಗೆ ಬರುವವರು ಯಾರು? ಎಮ್ಮೆ, ಬಿಟ್ಟರೆ ನಿಮ್ಮಪ್ಪ. ಇಂಡಿಕೇಟರ್ ಹಾಕಿದ ರೂಢಿ ಇರಲ್ಲ. ಕನ್ನಡಿಯನ್ನಂತೂ ನಮ್ಮ ಕಡೆ ಹುಡುಗರು ಗಾಡಿ ತಂದ ವಾರಕ್ಕೇ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಈ ಸಲ ಅಟ್ಟ ಸ್ವಚ್ಛ ಮಾಡಿ, ಎರಡೂ ಕನ್ನಡಿ ಕೂಡಿಸು.

ಆ 30 ದಿನ ಇದೆಯಲ್ಲ, ಲೈಸನ್ಸ್ ಅಂದರೆ ನಿಜವಾಗಿ ಅದೇ. ಪರೀಕ್ಷೆ ಹತ್ತು ನಿಮಿಷದ್ದು. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಂಟಿಸು, ಹಲಗೆ 18 ಸೆಂಟಿಮೀಟರ್ ಚೌಕ ಇರಬೇಕು. ಉಗುರಿನಷ್ಟು ಸ್ಟಿಕರ್ ನಡೆಯಲ್ಲ. ಹಿಂದೆ ಕೂರುವುದಾದರೆ ಲೈಸನ್ಸ್ ಇರುವ, ನಿನಗೆ ಕಲಿಸುವವರು ಮಾತ್ರ. ದೋಸ್ತ್ ಬೇಡ. ಕಾಕಾನನ್ನು ಕೂರಿಸಿಕೋ. ಮೊದಲ ವಾರ ನಸುಕಿನಲ್ಲಿ ಖಾಲಿ ರಸ್ತೆ. ಆಮೇಲೆ ಸಂಜೆ ಮುಳಗುಂದ ನಾಕಾಕ್ಕೆ ಹೋಗು. ಅಲ್ಲಿ ಫಸ್ಟ್ ಗೇರಿನಲ್ಲಿ ಕಾಲು ಊರದೆ ಹತ್ತು ಮಾರು ಸರಿದು ಬಂದರೆ ನಿನ್ನ ಎಂಟು ತಾನಾಗಿ ಬರುತ್ತದೆ. ಒಂದು ದಿನ ಮಳೆ ಬಂದು ನಿಂತ ಮೇಲೂ ಹೋಗು. ಎರಿ ಮಣ್ಣು ಗಾಲಿಗೆ ಹತ್ತಿಕೊಂಡು ಡಾಂಬರಿಗೆ ಬಂದಾಗ ಬೈಕ್ ಹೇಗೆ ಜಾರುತ್ತದೆ ಅಂತ ನಿಧಾನದ ವೇಗದಲ್ಲೇ ಗೊತ್ತಾಗಲಿ. ಕೊನೆಗೆ ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಕಾಕಾನ ಜೊತೆ ಹುಬ್ಬಳ್ಳಿ ರಸ್ತೆ ಹಿಡಿ. ಉಳ್ಳಾಗಡ್ಡಿ ಹೇರಿದ ಟ್ರಾಲಿಗಳು ಹಿಂದೆ ಲೈಟ್ ಇಲ್ಲದೆ ಹೊರಟಿರುತ್ತವೆ. ಹತ್ತಿರ ಹೋಗುವವರೆಗೆ ಕಾಣಲ್ಲ. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳಲ್ಲ.

ಏಜೆಂಟರಿಗೆ ದುಡ್ಡು ಕೊಡಲಾ ಅಂತ ಕೇಳಿದ್ದೆ ಅಲ್ವಾ? ಅರ್ಜಿ ತುಂಬಲು ಬರದಿದ್ದರೆ ಸೈಬರ್ ಸೆಂಟರಿನವರಿಗೆ ನೂರಿನ್ನೂರು ಕೊಡು, ತಪ್ಪಿಲ್ಲ. ‘ಎಂಟು ನಾ ನೋಡ್ಕೋತೀನಿ’ ಅನ್ನುವವರಿಗೆ ಬೇಡ. ಆ ಟ್ರಾಲಿ ಎದುರಾದಾಗ ಅವರು ಹ್ಯಾಂಡಲ್ ಹಿಡಿಯಲು ಬರಲ್ಲ.

ಪ್ರಶ್ನೆ: ಮಗಳಿಗೆ 16. ಪಿಯುಸಿ ಟ್ಯೂಷನ್ನಿಗೆ ನವನಗರದಿಂದ ವಿದ್ಯಾನಗರಕ್ಕೆ ಹೋಗಬೇಕು. 16ಕ್ಕೇ ಗೇರ್ ಇಲ್ಲದ ಗಾಡಿಯ ಲೈಸನ್ಸ್ ಸಿಗುತ್ತದೆ ಅಂತಾರೆ. ನನ್ನ ಸ್ಕೂಟರ್ ಕೊಡಬಹುದಾ? ಅವಳ ಗೆಳತಿಯರೆಲ್ಲ ಓಡಿಸುತ್ತಾರೆ.
ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಹೇಳಿದವರು ಅರ್ಧ ಹೇಳಿದ್ದಾರೆ. 16ಕ್ಕೆ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪಾಲಕರ ಒಪ್ಪಿಗೆಯ ಮೇಲೆ. ನಮ್ಮ ಕಾಲದ ಲೂನಾ ಆ ಲೆಕ್ಕದ್ದು. ಈಗ ಮನೆ ಮನೆಯಲ್ಲಿರುವ ಸ್ಕೂಟರ್ 110, 125 ಸಿಸಿ. ನಿಮ್ಮದೂ ಅದೇ ಇರುತ್ತದೆ, ಆರ್‌ಸಿ ತೆಗೆದು ನೋಡಿ. ಕಾಗದದ ಮೇಲೆ ನಿಯಮ ಇದೆ, ಅದಕ್ಕೆ ತಕ್ಕ ಗಾಡಿ ಶೋರೂಮಿನಲ್ಲಿ ಹುಡುಕಿದರೂ ಸಿಗೋದು ಕಷ್ಟ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇದು ಮಕ್ಕಳ ಮಾತಾಗಿ ಉಳಿದಿಲ್ಲ. ಚಿಕ್ಕವರು ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೋ ಗಾಡಿಯ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಓಡಿಸಿದವಳಿಗೆ 25 ವರ್ಷ ಆಗುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ. ಗೆಳತಿಯರೆಲ್ಲ 18ಕ್ಕೆ ಲೈಸನ್ಸ್ ತಗೊಳ್ಳುವಾಗ ನಿಮ್ಮ ಮಗಳು ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿದರೂ ಹಿಂದಿನ ಸೀಟಿನಲ್ಲೇ ಕೂರಬೇಕು.

ಲೈಸನ್ಸ್ ಬೇಡದ ಬ್ಯಾಟರಿ ಸ್ಕೂಟರ್ ಇದೆ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಮೀ ಒಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಓಡುವ ಬ್ಯಾಟರಿ ಗಾಡಿಗೂ ಲೈಸನ್ಸ್ ಬೇಕೇ ಬೇಕು, ಅಂಗಡಿಯವರು ಏನೇ ಹೇಳಲಿ. ಆದರೆ ನವನಗರ–ವಿದ್ಯಾನಗರದ ದಾರಿಯಲ್ಲಿ 25ರಲ್ಲಿ ಹೋಗುವ ಹುಡುಗಿಗೆ ಹಿಂದಿನವರು ಹಾರ್ನ್ ಹೊಡೆದೇ ಅಳಿಸುತ್ತಾರೆ. ನನ್ನನ್ನು ಕೇಳಿದರೆ ಎರಡು ವರ್ಷ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸು. ಆ ದಾರಿಯಲ್ಲಿ ಅದಕ್ಕೆ ಬೇರೆ ಲೇನೇ ಇದೆ. ಮಗಳು ಮುಖ ಊದಿಸಿಕೊಂಡರೆ ಭಾನುವಾರ ಸೈಕಲ್ ಮೇಲೆ ಎಂಟು ಹೊಡೆಯಲು ಹಚ್ಚಿ, ರಂಗೋಲಿ ಹೇಗೂ ಮನೆಯಲ್ಲಿ ಇರುತ್ತದೆ.

ಪ್ರಶ್ನೆ: ಹೋದ ತಿಂಗಳು ಮೊದಲ ಲೈಸನ್ಸ್ ಬಂತು. ಕಾರ್ಡ್ ಕಳೆಯುವ ಭಯಕ್ಕೆ ಅವ್ವ ತಿಜೋರಿಯಲ್ಲಿ ಇಟ್ಟು ಬೀಗ ಹಾಕಿದ್ದಾಳೆ. ಮೊಬೈಲಿನಲ್ಲಿ ಫೋಟೊ ಇದೆ, ಸಾಕಾ?
ಎಸ್., ಹಾವೇರಿ

ಉತ್ತರ: ಗ್ಯಾಲರಿಯ ಫೋಟೊ ಸಾಕಾಗಲ್ಲ. ಡಿಜಿಲಾಕರ್ ಇಲ್ಲವೇ ಎಂಪರಿವಾಹನ್ ಆ್ಯಪ್ ಹಾಕಿಕೊಂಡು ಅದರಲ್ಲಿ ಲೈಸನ್ಸ್ ತೆರೆದು ತೋರಿಸು, ಅದು ಕಾರ್ಡಿನಷ್ಟೇ ನಡೆಯುತ್ತದೆ. ಈ ವಯಸ್ಸಿನಲ್ಲಿ ತಗೊಂಡ ಲೈಸನ್ಸ್ 40 ತುಂಬುವವರೆಗೆ ಬಾಳುತ್ತದೆ, ಹಾಗಾಗಿ ಅವ್ವ ಬೀಗ ಹಾಕಿದ್ದು ತಪ್ಪೇನಲ್ಲ. ನೀನು ಮೊಬೈಲ್ ಚಾರ್ಜ್ ಮಾಡಿಕೊಂಡು ಹೊರಡು.