ಮೂಲಿಕೆ ಚಿಕಿತ್ಸೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮೊದಲ ಸಲ ಮೂಲಿಕೆ ವೈದ್ಯರನ್ನು ಕಾಣಲು ಹೊರಟಿದ್ದೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಅವರಿಗೆ ಹೇಳಲೇಬೇಕೆ? ಹೇಳಿದರೆ ಮಾತ್ರೆ ಬಿಟ್ಟು ಬನ್ನಿ ಅನ್ನುತ್ತಾರೇನೋ ಎಂಬ ಅಳುಕಿದೆ.

ಉತ್ತರ: ಹೇಳಲೇಬೇಕು. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಸ್ಟ್ರಿಪ್ ಸಮೇತ. ಎಷ್ಟು ಮಿಲಿಗ್ರಾಂ ಎಂಬುದು ಸ್ಟ್ರಿಪ್ ಮೇಲೆಯೇ ಇರುತ್ತದೆ. ವಿಟಮಿನ್, ಪ್ರೋಟೀನ್ ಪುಡಿ, ತಲೆನೋವಿಗೆ ಆಗಾಗ ನುಂಗುವ ಮಾತ್ರೆ, ಇವೂ ಚೀಲದಲ್ಲಿರಲಿ.

ಕಾರಣಕ್ಕೆ ಒಂದೇ ಬೇರು ಸಾಕು, ಜೇಷ್ಠಮಧು. ಕೆಮ್ಮಿಗೆ, ಹೊಟ್ಟೆ ಉರಿಗೆ ಕೊಡುವ ಎಷ್ಟೋ ಮಿಶ್ರಣಗಳಲ್ಲಿ ಇದು ಸಿಹಿಗೋಸ್ಕರವಾದರೂ ಸೇರಿರುತ್ತದೆ. ಇದರಲ್ಲಿನ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ದೇಹ ಉಪ್ಪು, ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ, ಬಿಪಿ ಏರುತ್ತದೆ. ನಿಮ್ಮ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದಾಗಿದ್ದರೆ ಅದರಲ್ಲೂ ಹಲವು ಪೊಟ್ಯಾಸಿಯಂ ಕಳೆಯುವಂಥವೇ. ಎರಡೂ ಸೇರಿದಾಗ ಕಾಲಿನ ಸ್ನಾಯು ಸೋಲುವುದು, ಎದೆಬಡಿತ ತಪ್ಪುವುದು ಆಗಬಹುದು. ಚೀಲ ನೋಡಿದ ವೈದ್ಯರು ಜೇಷ್ಠಮಧು ಕೈಬಿಟ್ಟು ಬೇರೆ ಮೂಲಿಕೆ ಹುಡುಕುತ್ತಾರೆ. ನೋಡದಿದ್ದವರಿಗೆ ಅದು ಹೊಳೆಯುವುದಾದರೂ ಹೇಗೆ?

ರಕ್ತ ತೆಳುವಾಗಿಸುವ ವಾರ್ಫರಿನ್, ಅಪಸ್ಮಾರದ ಮಾತ್ರೆ, ಅಂಗ ಕಸಿಯಾದವರ ಮಾತ್ರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಖಿನ್ನತೆಗೆ ಹೆಸರಾದ ಸೇಂಟ್ ಜಾನ್ಸ್ ವರ್ಟ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇಂಥ ಹಲವು ಔಷಧಿಗಳನ್ನು ಬೇಗ ಖಾಲಿ ಮಾಡಿಬಿಡುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಆ ಪರಿಣಾಮ ಸುಮಾರು ಎರಡು ವಾರ ಉಳಿಯುತ್ತದೆ.

ಇನ್ನು ನಿಮ್ಮ ಅಳುಕಿನ ಮಾತು. ಬರೆದುಕೊಟ್ಟ ಮಾತ್ರೆಯನ್ನು ತಕ್ಷಣ ಬಿಡಿ ಎನ್ನುವವರ ಬಳಿ ಚಿಕಿತ್ಸೆ ಮುಂದುವರಿಸಬೇಡಿ. ಬಿಪಿ ನಿಜವಾಗಿ ಇಳಿದರೆ ಮಾತ್ರೆ ಕಡಿಮೆ ಮಾಡುವುದು ಅದನ್ನು ಬರೆದ ವೈದ್ಯರ ಕೆಲಸ.

ಪ್ರಶ್ನೆ: ಬೇರು, ಎಲೆ, ಹೂವು ಎಲ್ಲ ಬೆರೆಸಿದ ಪೊಟ್ಟಣ ಕೊಟ್ಟಿದ್ದಾರೆ. ಅರ್ಧ ಗಂಟೆ ಕುದಿಸುತ್ತೇನೆ, ಮನೆಯೆಲ್ಲ ಘಮಘಮ. ಆದರೂ ಗುಣ ಕಾಣುತ್ತಿಲ್ಲ.

ಉತ್ತರ: ಮನೆಯೆಲ್ಲ ಘಮಘಮ ಎಂದರೆ ಔಷಧ ಗಾಳಿಗೆ ಹೋಯಿತು ಎಂದರ್ಥ. ಸುವಾಸನೆಯ ಎಲೆ, ಹೂವುಗಳ ಗುಣದ ದೊಡ್ಡ ಪಾಲು ಅವುಗಳ ತೈಲದಲ್ಲಿರುತ್ತದೆ. ಕುದಿಸಿದರೆ ಅದು ಆವಿಯಾಗುತ್ತದೆ. ಬೇರು, ತೊಗಟೆ ಹಾಗಲ್ಲ, ಅವು ಗಟ್ಟಿ, ಹೊತ್ತು ಬೇಕು.

ಬೇರು, ತೊಗಟೆಯನ್ನು ಬೇರೆಯಾಗಿ, ಎಲೆ, ಹೂವನ್ನು ಬೇರೆಯಾಗಿ ಕಟ್ಟಿಕೊಡಲು ಕೇಳಿ. ವೈದ್ಯರು ಬೇರೆ ಅಳತೆ ಹೇಳಿರದಿದ್ದರೆ ಸಾಮಾನ್ಯ ಕ್ರಮ ಹೀಗಿದೆ: ಜಜ್ಜಿದ ಬೇರು 10 ಗ್ರಾಂ, ತಣ್ಣೀರು 400 ಮಿಲಿ. ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಒಲೆ ಆರಿಸಿದ ಮೇಲೆ ಎಲೆ, ಹೂವು ಹಾಕಿ ಮುಚ್ಚಳ ಮುಚ್ಚಿ 10 ನಿಮಿಷ ಬಿಡಿ. ಮುಚ್ಚಳ ಎತ್ತಿದಾಗ ಅದರ ಒಳಮೈಗೆ ಹನಿಗಳು ಅಂಟಿರುತ್ತವೆ, ಮೂಗಿನ ಹತ್ತಿರ ಹಿಡಿದರೆ ಗಮ್ಮೆನ್ನುತ್ತದೆ. ಅವನ್ನು ಒರೆಸಿಬಿಡದೆ ಪಾತ್ರೆಗೇ ಬಾಗಿಸಿ, ನಂತರ ಸೋಸಿ. ಸ್ಟೀಲ್, ಗಾಜು ಅಥವಾ ಮಣ್ಣಿನ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡ. ಮಿಕ್ಕದ್ದನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ.

ಚಮಚದ ಲೆಕ್ಕವನ್ನೂ ನಂಬಬೇಡಿ. ಒಣ ಹೂವು ಹತ್ತಿಯಂತೆ ಹಗುರ, ಬೇರಿನ ಪುಡಿ ಭಾರ. ಒಂದೇ ಚಮಚದಲ್ಲಿ ತೂಕ ಎರಡು ಮೂರು ಪಟ್ಟು ವ್ಯತ್ಯಾಸವಾಗುತ್ತದೆ. ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ.

ಪ್ರಶ್ನೆ: ಟಿಂಚರ್ (ಮದ್ಯಸಾರದಲ್ಲಿ ತೆಗೆದ ಮೂಲಿಕೆಯ ಸಾರ) ‘30 ಹನಿ’ ಎಂದರೆ ಎಷ್ಟು?

ಉತ್ತರ: ಮಿಲಿ ಲೆಕ್ಕದಲ್ಲಿ ಬರೆಸಿಕೊಳ್ಳಿ. ನೀರಾದರೆ ಸುಮಾರು 20 ಹನಿಗೆ 1 ಮಿಲಿ. ಮದ್ಯಸಾರದ ಹನಿ ಅದಕ್ಕಿಂತ ಚಿಕ್ಕದು, ಡ್ರಾಪರ್ ಬದಲಾದರೆ ಅದೂ ಬದಲು. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ.

ಪ್ರಶ್ನೆ: ತಾಯಿಯ ಕೀಲುನೋವಿಗೆ ಕೊಟ್ಟ ಪುಡಿ ಎರಡೇ ದಿನದಲ್ಲಿ ಮ್ಯಾಜಿಕ್ ಮಾಡಿತು. ನಾಲ್ಕು ತಿಂಗಳಾಯಿತು. ಈಗ ಅವರ ಮುಖ ದುಂಡಗಾಗಿದೆ, ಸಕ್ಕರೆ ಏರಿದೆ. ಪುಡಿಯಲ್ಲಿ ಏನಿದೆ ಎಂದರೆ ಕೊಟ್ಟವರು ‘ಗುಟ್ಟು’ ಎನ್ನುತ್ತಾರೆ. ನಿಲ್ಲಿಸಿಬಿಡಲೇ?

ಉತ್ತರ: ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಪುಡಿ ಸಮೇತ ಇಂದೇ ತಾಯಿಯವರನ್ನು ಆಸ್ಪತ್ರೆಯ ವೈದ್ಯರ ಬಳಿ ಕರೆದೊಯ್ಯಿರಿ. ಹಳೆಯ ಕೀಲುನೋವು ಎರಡು ದಿನದಲ್ಲಿ ಮಾಯವಾಗುವುದು, ಮುಖ ಊದುವುದು, ಸಕ್ಕರೆ ಏರುವುದು ಒಟ್ಟಿಗೆ ಕಂಡರೆ ಮೊದಲ ಅನುಮಾನ ಸ್ಟೀರಾಯ್ಡ್ ಬೆರಕೆಯ ಮೇಲೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಒಳಹೋದಾಗ ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಕೂತಿರುತ್ತದೆ. ದಿಢೀರ್ ನಿಲ್ಲಿಸಿದರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ, ಪ್ರಾಣಾಪಾಯ. ಇಂಥ ಲಕ್ಷಣ ಈಗಾಗಲೇ ಇದ್ದರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಗುಟ್ಟಿನ ಔಷಧವನ್ನು ನಾವು ಎಂದೂ ಒಪ್ಪುವುದಿಲ್ಲ. ಪೊಟ್ಟಣದ ಮೇಲೆ ಸಸ್ಯದ ಶಾಸ್ತ್ರೀಯ ಹೆಸರು, ಯಾವ ಭಾಗ, ಎಷ್ಟು ಗ್ರಾಂ, ತಯಾರಿಸಿದ ದಿನಾಂಕ, ಇಷ್ಟೂ ಇರಬೇಕು. ಆಡುಮಾತಿನ ಹೆಸರು ಸಾಲದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಕ್ಕೆ ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಸಸ್ಯದ ಬದಲು ಅರಿಸ್ಟೊಲೋಕಿಯಾ ಫಾಂಗ್‌ಚಿ ಸೇರಿಹೋಯಿತು. ಚೀನೀ ಭಾಷೆಯಲ್ಲಿ ಎರಡರ ಹೆಸರೂ ಹತ್ತಿರ ಹತ್ತಿರ. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು.

ಪ್ರಶ್ನೆ: ಮೂಲಿಕೆ ನನಗೆ ಹಿಡಿಸುತ್ತಿದೆಯೇ ಇಲ್ಲವೇ ಎಂದು ಎಷ್ಟು ದಿನದಲ್ಲಿ ಗೊತ್ತಾಗುತ್ತದೆ?

ಉತ್ತರ: ಶುರುವಿನಲ್ಲೇ ವೈದ್ಯರ ಜೊತೆ ಕೂತು ಏನನ್ನು ಅಳೆಯಬೇಕು ಎಂದು ತೀರ್ಮಾನಿಸಿ. ನಿದ್ರೆಗಾದರೆ ಮಲಗಿದ ಹೊತ್ತು, ಎಚ್ಚರವಾದ ಸಲ. ಮಲಬದ್ಧತೆಗಾದರೆ ವಾರಕ್ಕೆ ಎಷ್ಟು ಸಲ. ಚಿಕಿತ್ಸೆಗೆ ಮುಂಚಿನ ಒಂದು ವಾರವನ್ನೂ ಬರೆದಿಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಹೊಸ ಮೂಲಿಕೆ ಒಂದೊಂದಾಗಿ ಬರಲಿ, ನಡುವೆ ವಾರದ ಅಂತರವಿರಲಿ. ಮೂರನ್ನು ಒಟ್ಟಿಗೆ ಶುರುಮಾಡಿ ಮೈ ತುರಿಸತೊಡಗಿದರೆ ಯಾವುದರಿಂದ ಎಂದು ಹೇಳಲಾಗದು. ಇಸಬ್ಗೋಲ್‌ನಂಥದ್ದರ ಪರಿಣಾಮ ಒಂದೆರಡು ದಿನದಲ್ಲೇ ತಿಳಿಯುತ್ತದೆ (ಪ್ರತಿ ಸಲ ಒಂದು ದೊಡ್ಡ ಲೋಟ, 240 ಮಿಲಿ ನೀರು ಕಡ್ಡಾಯ, ಕಡಿಮೆಯಾದರೆ ಗಂಟಲಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ, ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಬೇಕು). ನಿದ್ರೆ, ಮುಟ್ಟಿನ ತೊಂದರೆಗಳಿಗೆ ನಾಲ್ಕರಿಂದ ಹನ್ನೆರಡು ವಾರ ಕಾಯಬೇಕಾಗಬಹುದು.

ಆದರೆ ಮೂತ್ರ ಕಡುಬಣ್ಣವಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಮೈತುರಿಕೆ ಶುರುವಾದರೆ ಒಂದು ದಿನವೂ ಕಾಯಬೇಡಿ. ಅವು ಯಕೃತ್ತಿನ ಕೂಗು. ಅಶ್ವಗಂಧ, ಅರಿಶಿನದ ಸಾರದ ಗುಳಿಗೆಗಳಿಂದಲೂ ಕೆಲವರಲ್ಲಿ ಹೀಗಾಗಿದೆ. ಮೂಲಿಕೆ ನಿಲ್ಲಿಸಿ, ಅದೇ ದಿನ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಮೂಲಿಕೆ ವೈದ್ಯರು, ಶಸ್ತ್ರಚಿಕಿತ್ಸೆಯ ವೈದ್ಯರು ಇಬ್ಬರಿಗೂ ತಿಳಿಸಿ. ಬೆಳ್ಳುಳ್ಳಿ, ಗಿಂಕ್ಗೊ ಗುಳಿಗೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು.