ಹರಾಜಿನ ಬೆಲೆ ಮತ್ತು ಕೈಗೆ ಬರುವ ಹಣ

ಪ್ರಶ್ನೆ: ಸಂಡೇ ಬಜಾರ್‌ನಲ್ಲಿ 1,800 ರೂಪಾಯಿಗೆ ಕೊಂಡ ಹಳೆಯ ರೇಡಿಯೊ ಆನ್‌ಲೈನ್ ಹರಾಜಿನಲ್ಲಿ 3,000ಕ್ಕೆ ಹೋಯಿತು. ಸಾಗಣೆಗೆಂದು 300 ರೂಪಾಯಿ ಪ್ರತ್ಯೇಕವಾಗಿ ಪಡೆದೆ. ಆದರೂ 1,200 ರೂಪಾಯಿ ಲಾಭ ಉಳಿಯಲಿಲ್ಲವೇಕೆ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಹಲವು ತಾಣಗಳು ಸಾಗಣೆ ವೆಚ್ಚವನ್ನೂ ಸೇರಿಸಿದ ಒಟ್ಟು ಮೊತ್ತದ ಮೇಲೆ ಕಮಿಷನ್ ಹಿಡಿಯುತ್ತವೆ. ದರ ಶೇ. 10 ಎಂದುಕೊಂಡರೆ, 3,300ಕ್ಕೆ 330 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 59.40. ಆದರೆ ಹೆಚ್ಚಿನವರು ಎಡವುವುದು ಕೊರಿಯರ್ ಲೆಕ್ಕದಲ್ಲಿ. ರೇಡಿಯೊ ಮೂರೇ ಕಿಲೊ ತೂಗಿದರೂ, 40, 30, 25 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿಟ್ಟರೆ, ಆ ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿ ಗಾತ್ರವನ್ನೇ ತೂಕವಾಗಿ ಎಣಿಸುವ ಕೊರಿಯರ್‌ನವರ ರೂಢಿಯಂತೆ ಆರು ಕಿಲೊಗೆ ಹಣ ಕಟ್ಟಬೇಕಾಗುತ್ತದೆ. ಅದಕ್ಕೆ 540, ಬಬಲ್ ರ‍್ಯಾಪ್ ಮತ್ತು ರಟ್ಟಿನ ಪೆಟ್ಟಿಗೆಗೆ 120 ಹೋದರೆ, ಅಸಲು ಕಳೆದು ಉಳಿಯುವುದು ಸುಮಾರು 450 ರೂಪಾಯಿ ಮಾತ್ರ. ಕೊಂಡವರು ಹಿಂದಿರುಗಿಸಿದರೆ ಅದೂ ಕರಗಬಹುದು. ಆದ್ದರಿಂದ ಆರಂಭಿಕ ಬೆಲೆ ನಿಗದಿಪಡಿಸುವ ಮೊದಲೇ ವಸ್ತುವನ್ನು ಪ್ಯಾಕ್ ಮಾಡಿ, ಅಳೆದು, ಈ ಎಲ್ಲ ಖರ್ಚೂ ವಾಪಸ್ ಬರುವಂಥ ಕನಿಷ್ಠ ಮೊತ್ತವನ್ನು ಮೀಸಲು ಬೆಲೆಯಾಗಿ (ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲವೆಂಬ ಮಿತಿ) ನಮೂದಿಸಿರಿ. ಅದಕ್ಕೂ ಶುಲ್ಕವಿದೆಯೇ ಎಂಬುದನ್ನು ತಾಣದ ದರಪಟ್ಟಿಯಲ್ಲಿ ತಪ್ಪದೆ ನೋಡಿಕೊಳ್ಳಿರಿ.