ಮೊಟ್ಟೆ ಟ್ರೇ ಅಂಟಿಸಿದರೆ ತಬಲಾ ಸುಮ್ಮನಾಗುತ್ತಾ?

ಸಂಗೀತ ವಿಭಾಗದ ಕಟ್ಟಡದ ಬಗ್ಗೆ ಬರುವ ಪತ್ರಗಳಲ್ಲಿ ಮೊಟ್ಟೆ ಟ್ರೇ ಇಲ್ಲದ ಪತ್ರ ಅಪರೂಪ. ಈ ಸಲ ಉತ್ತರ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಆರು ರಿಯಾಜ್ ಕೋಣೆಗಳಿವೆ. ಒಂದರಲ್ಲಿ ತಬಲಾ ನುಡಿಸಿದರೆ ಪಕ್ಕದಲ್ಲಿ ಹಾಡಲು ಆಗುವುದಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಥವಾ ಫೋಮ್ ಹಚ್ಚಿದರೆ ಸಾಕು ಅಂತ ಗುತ್ತಿಗೆದಾರರು ಹೇಳುತ್ತಾರೆ. ನಿಜವೇ? (ವಿಜಯಪುರ)

ಸುಳ್ಳು. ಫೋಮ್ ಕೋಣೆಯೊಳಗಿನ ಗುಂಯ್‌ಗುಡುವಿಕೆ ಕಡಿಮೆ ಮಾಡುತ್ತದೆ, ಅಷ್ಟೇ. ಪಕ್ಕದ ಕೋಣೆಗೆ ಹೋಗುವ ಸದ್ದನ್ನು ತಡೆಯಲು ತೂಕ ಬೇಕು, ಗಾಳಿಗೂ ಸಂದಿ ಇರಬಾರದು. ಮೊಟ್ಟೆ ಟ್ರೇಗೆ ತೂಕ ಎಲ್ಲಿದೆ? ಅದು ಇಲಿಗೆ ಮನೆ, ಬೆಂಕಿಗೆ ಉರುವಲು. ಅಗ್ಗದ ಫೋಮ್ ಹೊತ್ತಿಕೊಂಡರೆ ಇನ್ನೂ ಕೆಟ್ಟದ್ದು, ಅದರ ಹೊಗೆಯೇ ಜೀವ ತೆಗೆಯುತ್ತದೆ.

ಮೊದಲು ಬಾಗಿಲು ನೋಡಿ. 7 ಅಡಿ ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದಿ ಇದ್ದರೆ ಅದು ಬಾಗಿಲಿನ ಸುಮಾರು ನೂರರಲ್ಲಿ ಒಂದು ಪಾಲು. ಅಷ್ಟಿದ್ದರೆ ಮುಗೀತು, ಬಾಗಿಲು ತೇಗದ್ದೇ ಇರಲಿ, ಸುಮಾರು 20 ಡೆಸಿಬಲ್‌ಗಿಂತ ಜಾಸ್ತಿ ಸದ್ದು ತಡೆಯುವುದಿಲ್ಲ. ರಾತ್ರಿ ಒಳಗೊಬ್ಬರು ಟಾರ್ಚ್ ಹಿಡಿದು ನಿಲ್ಲಲಿ, ನೀವು ಹೊರಗೆ ಕತ್ತಲಲ್ಲಿ ನಿಂತು ನೋಡಿ, ಬೆಳಕು ಬರುವ ಕಡೆಯಿಂದೆಲ್ಲ ತಬಲಾನೂ ಬರುತ್ತದೆ. ನಾಲ್ಕೂ ಕಡೆ ರಬ್ಬರ್ ಪಟ್ಟಿ ಹಾಕಿಸಿ, ಕೆಳಗೆ ಹೊಸ್ತಿಲು ಕೂರಿಸಿ. ಟೊಳ್ಳು ಫ್ಲಶ್ ಡೋರ್ ಇದ್ದರೆ ಕಿತ್ತು ಘನವಾದದ್ದು ಹಾಕಿ.

ಆಮೇಲೆ ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಎತ್ತಿ ನೋಡಿ. ಗೋಡೆ ಸ್ಲ್ಯಾಬ್ ತನಕ ಹೋಗಿದೆಯಾ? ಬಾಗಲಕೋಟೆ ಕಡೆ ಒಂದು ಕಟ್ಟಡದಲ್ಲಿ ನಾನು ಹೀಗೆ ತಲೆ ಹಾಕಿದಾಗ ಐದು ಕೋಣೆ ದಾಟಿ ಕೊನೆಯ ಗೋಡೆ ಕಂಡಿತ್ತು! ಅಲ್ಲಿ ಲಕ್ಷಗಟ್ಟಲೆ ಫೋಮ್ ಆಗಲೇ ಅಂಟಿಸಿಯಾಗಿತ್ತು. ಸ್ವಿಚ್ ಬೋರ್ಡುಗಳು ಒಂದೇ ಗೋಡೆಯ ಎರಡೂ ಮಗ್ಗುಲಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರೆ ಅದೂ ಒಂದು ತೂತೇ.

ಇಷ್ಟೆಲ್ಲ ಮುಚ್ಚಿದರೆ ನಿಮ್ಮ ಊರಿನ ಏಪ್ರಿಲ್‌ನಲ್ಲಿ ಒಳಗಿರುವ ಹುಡುಗರು ಬೆಂದುಹೋಗುತ್ತಾರೆ. ಹಾಗಾಗಿ ಗಾಳಿಗೆ ಒಂದೊಂದು ಕೋಣೆಗೂ ಬೇರೆ ಬೇರೆ ಡಕ್ಟ್ ಬೇಕು. ಎಲ್ಲಕ್ಕೂ ಒಂದೇ ಡಕ್ಟ್ ಎಳೆದರೆ ಅದು ಟೆಲಿಫೋನ್ ಇದ್ದ ಹಾಗೆ.

ಹೊಸದಾಗಿ ಕಟ್ಟುವವರಿಗೆ ಇದರ ಅರ್ಧ ಗೋಳು ಇಲ್ಲ. ನಕ್ಷೆಯಲ್ಲೇ ತಬಲಾ ಕೋಣೆಯನ್ನು ನೆಲ ಅಂತಸ್ತಿಗೆ ತನ್ನಿ, ಗಾಯನದ ಕೋಣೆಗೂ ಅದಕ್ಕೂ ನಡುವೆ ವಾದ್ಯ ಇಡುವ ಸ್ಟೋರ್ ಹಾಕಿ. ಜೋಡಿ ಗೋಡೆ ಕಟ್ಟಿಸುವುದಾದರೆ ನಡುವಿನ ಸಂದಿಯಲ್ಲಿ ಗಾರೆ ಬೀಳದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಬಿದ್ದ ಗಾರೆ ಎರಡು ಗೋಡೆಗಳನ್ನು ಬೆಸೆದರೆ ಆ ಖರ್ಚೆಲ್ಲ ದಂಡ.

ಪ್ರಶ್ನೆ: ಸಭಾಂಗಣಕ್ಕೆ ಗೋಲಗುಮ್ಮಟದಂಥ ಗುಮ್ಮಟ ಕಟ್ಟಿದರೆ ಮೈಕ್ ಬೇಡ ಅಲ್ವಾ? (ಬೆಳಗಾವಿ)

ಅದು ಗೋರಿ ಸ್ವಾಮಿ, ಸಂಗೀತ ಕಛೇರಿಗೆ ಕಟ್ಟಿದ್ದಲ್ಲ. ಒಂದು ಚಪ್ಪಾಳೆಯೇ ಹಲವು ಸಲ ಮರಳಿ ಬರುವ ಜಾಗದಲ್ಲಿ ದ್ರುತ್ ತಾನ್, ಅಂದರೆ ವೇಗದ ಸ್ವರಗಳ ಸರಮಾಲೆ, ಹಾಡಿದರೆ ಸ್ವರಗಳೆಲ್ಲ ಕಲಸಿದ ಹಿಟ್ಟಾಗುತ್ತವೆ.

ಪ್ರಶ್ನೆ: ಸಂಗೀತದ ಕೋಣೆ ಯಾವ ದಿಕ್ಕಿಗಿರಬೇಕು? (ಬೆಳಗಾವಿ)

ಜನರೇಟರ್ ಇಲ್ಲದ ದಿಕ್ಕಿಗೆ.